ಚಾರ್ಜರ್ ಕಿತ್ತರೂ ಇಳಿಯದ ಬಿಲ್: ಒಂದು ಮನೆಯ ಪ್ರಕರಣ ಅಧ್ಯಯನ

ನಾಲ್ಕು ಜನರ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಹೈಸ್ಕೂಲಿನಲ್ಲಿ ಓದುವ ಮಗಳು, ದಿನವಿಡೀ ಮನೆಯಲ್ಲಿರುವ ಅಜ್ಜಿ. ತಿಂಗಳಿಗೆ 400 ಯೂನಿಟ್ ಆಸುಪಾಸು ಕರೆಂಟ್ ಖರ್ಚು. ಇವರ ದೂರು ಇಷ್ಟೇ: ಪರಿಸರಕ್ಕೂ ಒಳ್ಳೆಯದು, ಜೇಬಿಗೂ ಒಳ್ಳೆಯದು ಅಂತ ಇಡೀ ತಿಂಗಳು ಶಿಸ್ತಾಗಿ ಇದ್ದೆವು, ಬಿಲ್ ಮಾತ್ರ ಅಲ್ಲಾಡಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇದು ಯಾವುದೋ ಒಂದು ಬಾಗಿಲು ತಟ್ಟಿ ಬರೆದ ವರದಿಯಲ್ಲ. ಎಷ್ಟೋ ಮನೆಗಳಲ್ಲಿ ನಡೆಯುವುದನ್ನು ಒಂದೇ ಸೂರಿನಡಿ ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಜನ ಕಲ್ಪಿತರು. ಲೆಕ್ಕ ಮಾತ್ರ ಉಪಕರಣಗಳ ವ್ಯಾಟ್ ಮತ್ತು ಶಾಲೆಯ ವಿಜ್ಞಾನದಿಂದ ಬಂದದ್ದು. ನಿಮ್ಮ ಮನೆಯ ಅಂಕಿ ಹಾಕಿ ನೀವೂ ಮಾಡಿ ನೋಡಬಹುದು.

ಮೊದಲ ತಿಂಗಳು ಏನು ಮಾಡಿದರು

ಎಲ್ಲರೂ ಮಾಡುವುದನ್ನೇ ಮಾಡಿದರು. ಫೋನ್ ಚಾರ್ಜರ್‌ಗಳನ್ನು ಪ್ಲಗ್‌ನಿಂದ ಕಿತ್ತರು. ಕೋಣೆಯಿಂದ ಹೊರಗೆ ಬರುವಾಗ ಲೈಟ್ ಆರಿಸಿದರು. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿದರು. ಹೊಸದಾಗಿ ಬಟ್ಟೆ ಚೀಲ ಕೊಂಡರು. ಮಗಳಿಗೆ ಕಾವಲು ಕೆಲಸ ಬಂತು. ಯಾರಾದರೂ ಲೈಟ್ ಮರೆತರೆ ಅವಳ ಬೈಗುಳ ಗ್ಯಾರಂಟಿ. ಅಜ್ಜಿ ಕತ್ತಲಲ್ಲೇ ಬಾತ್‌ರೂಮಿಗೆ ಹೋಗತೊಡಗಿದರು. ವಯಸ್ಸಾದವರು ಕತ್ತಲಲ್ಲಿ ಕಾಲು ಜಾರಿ ಬಿದ್ದರೆ ಆಗುವ ಖರ್ಚಿನ ಮುಂದೆ ಕರೆಂಟ್ ಬಿಲ್ ಯಾವ ಲೆಕ್ಕ!

ಈಗ ಈ ಶ್ರಮವನ್ನು ಯೂನಿಟ್‌ಗೆ ಇಳಿಸೋಣ. 1000 ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಫೋನ್ ಸಿಕ್ಕಿಸದೆ ಸುಮ್ನೆ ಪ್ಲಗ್‌ನಲ್ಲಿರುವ ಈಗಿನ ಚಾರ್ಜರ್ ತಿನ್ನುವುದು 0.2 ವ್ಯಾಟ್ ಆಸುಪಾಸು. ಅಂಥ ಐದು ಚಾರ್ಜರ್ ಇಡೀ ತಿಂಗಳು ಹಾಗೇ ಇದ್ದರೂ ಮುಕ್ಕಾಲು ಯೂನಿಟ್ ಆಗುವುದಿಲ್ಲ. ಮನೆಯ ಬಲ್ಬುಗಳೆಲ್ಲ ಆಗಲೇ 9 ವ್ಯಾಟ್‌ನ ಎಲ್‌ಇಡಿ. ನಾಲ್ಕು ಬಲ್ಬ್ ದಿನಕ್ಕೆ ಒಂದು ಗಂಟೆ ಕಡಿಮೆ ಉರಿದರೆ ತಿಂಗಳಿಗೆ ಉಳಿಯುವುದು ಒಂದು ಯೂನಿಟ್ ಚಿಲ್ಲರೆ. ಎರಡೂ ಸೇರಿ 400ರಲ್ಲಿ 2 ಯೂನಿಟ್‌ಗೂ ಕಡಿಮೆ. ಬಿಲ್ ಎಲ್ಲಿಂದ ಇಳಿಯಬೇಕು?

60 ವ್ಯಾಟ್‌ನ ಹಳೇ ಬುರುಡೆ ಬಲ್ಬ್ ಇದ್ದ ಕಾಲದಲ್ಲಿ "ಲೈಟ್ ಆರಿಸು" ಅನ್ನುವ ಮಾತಿಗೆ ತೂಕವಿತ್ತು. ಬಲ್ಬ್ ಬದಲಾದ ದಿನವೇ ಆ ಉಳಿತಾಯದ ಬಹುಪಾಲು ಕೈಗೆ ಬಂದಾಗಿದೆ. ನಮ್ಮ ಬೈಗುಳ ಮಾತ್ರ ಹಳೇ ಬಲ್ಬಿನ ಕಾಲದ್ದೇ ಉಳಿದಿದೆ. ಲೈಟ್ ಆರಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಆರಿಸಿ, ಆದರೆ ಅದಕ್ಕಾಗಿ ಮನೆಯಲ್ಲಿ ಜಗಳ ಬೇಡ.

ರಾತ್ರಿ ಮೀಟರ್ ಏನು ಹೇಳಿತು

ಎರಡನೇ ತಿಂಗಳು ತಾಯಿ ಒಂದು ಸರಳ ಕೆಲಸ ಮಾಡಿದರು. ರಾತ್ರಿ 11ಕ್ಕೆ ಎಲ್ಲರೂ ಮಲಗಿದ ಮೇಲೆ ಮೀಟರ್ ಓದಿ ಬರೆದಿಟ್ಟರು. ಬೆಳಿಗ್ಗೆ 6ಕ್ಕೆ, ಯಾರೂ ಏನನ್ನೂ ಮುಟ್ಟುವ ಮೊದಲು, ಮತ್ತೆ ಓದಿದರು. ಏಳು ಗಂಟೆಯಲ್ಲಿ 1.4 ಯೂನಿಟ್. ಅಂದರೆ ಮನೆ ನಿದ್ದೆಯಲ್ಲಿದ್ದಾಗಲೂ ಸರಾಸರಿ 200 ವ್ಯಾಟ್ ಹರಿಯುತ್ತಿದೆ.

ಯಾರು ತಿನ್ನುತ್ತಿದ್ದಾರೆ? ಹಳೇ ಫ್ರಿಜ್ ಸರಾಸರಿ 60 ವ್ಯಾಟ್. ಅಜ್ಜಿಯ ಕೋಣೆಯ ಫ್ಯಾನ್ 75. ವೈಫೈ ರೂಟರ್ 10. ಟಿವಿ ಆರಿಸಿದರೂ ಒಳಗೊಳಗೇ ಎಚ್ಚರವಾಗಿರುವ ಸೆಟ್‌ಟಾಪ್ ಬಾಕ್ಸ್ 15. ಕೂಡಿದರೆ 160. ಉಳಿದ 40 ವ್ಯಾಟ್ ಯಾವುದು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬಾತ್‌ರೂಮಿನ ಗೀಸರ್. ಅದರ ಸ್ವಿಚ್ ಆರಿಸಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ನೀರು ಎಷ್ಟು ಕಾಯಬೇಕು ಅಂತ ಗೊತ್ತುಮಾಡುವ ಥರ್ಮೋಸ್ಟಾಟ್ 75 ಡಿಗ್ರಿಯಲ್ಲಿತ್ತು. ಟ್ಯಾಂಕಿನ ನೀರು ರಾತ್ರಿಯಿಡೀ ನಿಧಾನವಾಗಿ ಆರುತ್ತದೆ, ಗೀಸರ್ ಮತ್ತೆ ಕಾಯಿಸುತ್ತದೆ. ಯಾರೂ ಸ್ನಾನ ಮಾಡದಿದ್ದರೂ ದಿನಕ್ಕೆ ಸುಮಾರು ಒಂದು ಯೂನಿಟ್ ಹೀಗೇ ಹೋಗುತ್ತಿತ್ತು.

ಚಾರ್ಜರ್ ಕಿತ್ತು ಇಡೀ ತಿಂಗಳು ಉಳಿಸಿದ್ದು ಇಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ಖಾಲಿ.

ಈ ಮನೆಯಲ್ಲಿ ಏಸಿ ಇಲ್ಲ. ಇದ್ದಿದ್ದರೆ ಬಿಸಿಲುಗಾಲದ ಲೆಕ್ಕದ ಮೊದಲ ಸಾಲು ಅದೇ ಆಗುತ್ತಿತ್ತು. ತೀರಾ ಚಳಿಯ ಕಡೆ ಆ ಜಾಗ ರೂಮ್ ಹೀಟರ್‌ಗೆ. ಬಿಸಿ ಮಾಡುವುದು, ತಂಪು ಮಾಡುವುದು, ಈ ಎರಡು ಕೆಲಸದಲ್ಲೇ ಮನೆಯ ಕರೆಂಟಿನ ದೊಡ್ಡ ಪಾಲು ಹೋಗುತ್ತದೆ. ಬೆಳಕು, ಶಬ್ದ, ಪರದೆ, ಇವೆಲ್ಲ ಅದರ ಮುಂದೆ ಚಿಲ್ಲರೆ.

ಬಕೆಟ್ ಇಟ್ಟು ಅಳೆದ ಸ್ನಾನ

ಅಸಲು ದುಡ್ಡು ಇಲ್ಲಿತ್ತು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮಗಳು 10 ಲೀಟರ್ ಬಕೆಟ್ ಒಂದನ್ನು ಶವರ್ ಕೆಳಗಿಟ್ಟು, ನಲ್ಲಿ ಪೂರ್ತಿ ತಿರುಗಿಸಿ, ಫೋನಿನಲ್ಲಿ ಸಮಯ ನೋಡಿದಳು. ಸರಿಯಾಗಿ ಒಂದು ನಿಮಿಷಕ್ಕೆ ತುಂಬಿತು. ಎಂಟು ನಿಮಿಷದ ಸ್ನಾನಕ್ಕೆ 80 ಲೀಟರ್ ಆಯಿತು. ತಣ್ಣೀರು 22 ಡಿಗ್ರಿ, ಮೈ ಮೇಲೆ ಬೀಳುವುದು 40 ಡಿಗ್ರಿ. ಹೆಚ್ಚಬೇಕಾದದ್ದು 18 ಡಿಗ್ರಿ.

ನೀರು ಕಾಯಿಸುವ ಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,186 ಜೂಲ್ ಬೇಕು. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಭಾಗಿಸಿದರೆ 860. ಹಾಗಾಗಿ ಲೀಟರನ್ನು ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. 80 ಗುಣಿಸು 18, ಭಾಗಿಸು 860. ಒಂದು ಸ್ನಾನಕ್ಕೆ 1.67 ಯೂನಿಟ್. ಒಂದು ಫೋನ್ ಪೂರ್ತಿ ಚಾರ್ಜ್ ಆಗಲು ಗೋಡೆಯಿಂದ ಎಳೆಯುವುದು 0.02 ಯೂನಿಟ್ ಆಸುಪಾಸು. ಅದೇ ಕರೆಂಟಿನಲ್ಲಿ ಆ ಫೋನನ್ನು 80 ಸಲಕ್ಕಿಂತ ಜಾಸ್ತಿ ತುಂಬಿಸಬಹುದು.

ನಾಲ್ಕು ಜನಕ್ಕೆ ದಿನಕ್ಕೆ 6.7 ಯೂನಿಟ್, ತಿಂಗಳಿಗೆ 200. ಮನೆಯ ಕರೆಂಟಿನ ಅರ್ಧ ಸ್ನಾನದ ನೀರಿಗೆ!

ಪರಿಹಾರದ ಬಗ್ಗೆ ಮನೆಯಲ್ಲಿ ಒಮ್ಮತ ಇರಲಿಲ್ಲ. ಎಲ್ಲರೂ ಐದೇ ನಿಮಿಷದಲ್ಲಿ ಸ್ನಾನ ಮುಗಿಸಬೇಕು ಅಂತ ಮಗಳು ಬಾಗಿಲಿಗೆ ಟೈಮರ್ ನೇತುಹಾಕಿದಳು. ಅಪ್ಪ ಎರಡು ದಿನ ಪಾಲಿಸಿ ಕೈಬಿಟ್ಟರು. ಅಜ್ಜಿಗೆ ಬೆನ್ನು ನೋವು, ಬಿಸಿನೀರು ಬಿದ್ದಷ್ಟೂ ಹಿತ. "ನನ್ನ ಬೆನ್ನಿಗೂ ಗಡಿಯಾರ ಕಟ್ಟಬೇಡ್ವೇ" ಅಂದರು. ಅದು ನ್ಯಾಯವಾದ ಮಾತೇ. ಕೊನೆಗೆ ತಾಯಿ ಕಡಿಮೆ ನೀರು ಬಿಡುವ ಶವರ್ ತಲೆಯೊಂದನ್ನು ಹಾಕಿಸಿದರು. ಅದು ನೀರಿಗೆ ಗಾಳಿ ಬೆರೆಸಿ ನಿಮಿಷಕ್ಕೆ 7 ಲೀಟರ್ ಮಾತ್ರ ಬಿಡುತ್ತದೆ. ಮೈ ಮೇಲೆ ಬೀಳುವ ರಭಸ ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತದೆ.

ಈಗಿನ ಸ್ಥಿತಿ ಹೀಗಿದೆ. ಅಜ್ಜಿ, ಅಪ್ಪ ಇಬ್ಬರೂ ಮೊದಲಿನಂತೆ ಎಂಟು ನಿಮಿಷ. ಟೈಮರ್ ತಂದ ಮಗಳೇ ಏಳು. ತಾಯಿ ಆರು. ಒಟ್ಟು 29 ನಿಮಿಷಕ್ಕೆ ತಿಂಗಳಿಗೆ ಸುಮಾರು 127 ಯೂನಿಟ್. ಉಳಿದದ್ದು 73. ಇದರಲ್ಲಿ ಶವರ್ ತಲೆಯ ಪಾಲು ಎಷ್ಟು, ಅವಸರದ ಪಾಲು ಎಷ್ಟು ಅಂತ ಬಿಡಿಸಿ ನೋಡಿದರೆ 60 ಯೂನಿಟ್ ಬರೀ ಶವರ್ ತಲೆಯಿಂದ ಬಂದದ್ದು. ಟೈಮರ್, ಬೈಗುಳ, ಅಪರಾಧಿ ಭಾವ ಎಲ್ಲ ಸೇರಿ 13. ಜೊತೆಗೆ ದಿನಕ್ಕೆ ನೂರು ಲೀಟರಿಗೂ ಜಾಸ್ತಿ ನೀರು ಉಳಿಯಿತು.

ಗೀಸರ್‌ಗೆ ಒಂದು ಟೈಮರ್ ಸ್ವಿಚ್ ಹಾಕಿಸಿ, ಥರ್ಮೋಸ್ಟಾಟನ್ನು 75ರಿಂದ 60ಕ್ಕೆ ಇಳಿಸಿದರು. ಇದರಿಂದ ಇನ್ನೊಂದು 15 ಯೂನಿಟ್ ಉಳಿಯಿತು. ಇಲ್ಲಿ ಒಂದು ಎಚ್ಚರಿಕೆ ಬೇಕು. ಉಳಿಸುವ ಉತ್ಸಾಹದಲ್ಲಿ ಕೆಲವರು 45ಕ್ಕೆ ಇಳಿಸಿಬಿಡುತ್ತಾರೆ. ಟ್ಯಾಂಕಿನಲ್ಲಿ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ಅದರಿಂದ ಬರುವ ನ್ಯುಮೋನಿಯಾ ವಯಸ್ಸಾದವರಿಗೆ ಅಪಾಯ. ಶೇಖರಿಸಿಟ್ಟ ಬಿಸಿನೀರು 60 ಡಿಗ್ರಿ ಇರಬೇಕು ಅಂತ ಹೇಳುವುದು ಅದಕ್ಕೇ.

ನಲ್ಲಿ ನಿಲ್ಲಿಸಿದವರು ನೋಡದ ಸೋರಿಕೆ

ನೀರಿನ ಕತೆಯೂ ಇದೇ ಧಾಟಿಯದ್ದು. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುವ ಅಭ್ಯಾಸ ಎಲ್ಲರಿಗೂ ಬಂದಿತ್ತು. ಆದರೆ ರಾತ್ರಿ ನೀರಿನ ಮೀಟರ್ ನೋಡಿದಾಗ ಎಲ್ಲ ನಲ್ಲಿ ಬಂದ್ ಇದ್ದರೂ ಅದು ಮೆಲ್ಲಗೆ ತಿರುಗುತ್ತಿತ್ತು. ಗೋಡೆಯಲ್ಲಿ ತೇವ ಇಲ್ಲ, ಎಲ್ಲೂ ತೊಟ್ಟಿಕ್ಕುತ್ತಿಲ್ಲ.

ಅಡುಗೆಗೆ ಬಳಸುವ ಬಣ್ಣವನ್ನು ನಾಲ್ಕು ಹನಿ ಫ್ಲಶ್ ಟ್ಯಾಂಕಿಗೆ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟರು. ಹೋಗಿ ನೋಡಿದರೆ ಕಮೋಡಿನ ನೀರೆಲ್ಲ ಬಣ್ಣ. ಟ್ಯಾಂಕಿನ ತಳದ ರಬ್ಬರ್ ಮುಚ್ಚಳ ಸವೆದು ಸರಿಯಾಗಿ ಕೂರುತ್ತಿರಲಿಲ್ಲ. ಸದ್ದಿಲ್ಲದ ಇಂಥ ಸೋರಿಕೆ ಜೋರಾಗಿದ್ದರೆ ದಿನಕ್ಕೆ ನೂರಾರು ಲೀಟರ್ ಹೋಗಬಹುದು. ಹೊಸ ರಬ್ಬರ್ ಹಾಕಲು ಪ್ಲಂಬರ್‌ಗೆ ಹತ್ತು ನಿಮಿಷ ಸಾಕಾಯಿತು.

ಫ್ರಿಜ್ ಬಾಗಿಲ ಮೇಲಿನ ಪುಸ್ತಕ

ಅಜ್ಜಿ ಹಿಡಿದದ್ದು ಬೇರೆಯದೇ ಜಾಡು. "ಕರೆಂಟ್ ಲೆಕ್ಕ ಆಮೇಲೆ ಹಾಕಿ, ದಿನಾ ಕಸಕ್ಕೆ ಹಾಕೋದನ್ನ ಮೊದ್ಲು ನೋಡಿ" ಅಂದರು. ಒಂದು ಚಿಕ್ಕ ನೋಟ್‌ಪುಸ್ತಕಕ್ಕೆ ದಾರ ಕಟ್ಟಿ ಫ್ರಿಜ್ ಬಾಗಿಲಿಗೆ ನೇತುಹಾಕಿದರು. ಏನು ಎಸೆದರೂ ಬರೆಯಬೇಕು, ಯಾಕೆ ಎಸೆದದ್ದು ಅಂತಲೂ ಬರೆಯಬೇಕು.

ಒಂದೇ ವಾರದಲ್ಲಿ ಚಿತ್ರ ಸಿಕ್ಕಿತು. ಅರ್ಧ ಬಳಸಿ ಬಾಡಿದ ಸೊಪ್ಪು. ಹಿಂದಿನ ಮೂಲೆಯಲ್ಲಿ ಮರೆತುಹೋದ ಡಬ್ಬಿ. ಮನೆಯಲ್ಲಿ ಇದೆ ಅಂತ ಗೊತ್ತಿಲ್ಲದೆ ಎರಡನೇ ಸಲ ಕೊಂಡ ಹಣ್ಣು. ದಿನಾಂಕ ದಾಟಿತು ಅಂತ ಮೂಸಿಯೂ ನೋಡದೆ ಎಸೆದ ಬಿಸ್ಕತ್ ಪ್ಯಾಕ್. "ಇಂಥ ದಿನದೊಳಗೆ ಉತ್ತಮ" ಅನ್ನುವುದು ರುಚಿಯ ಮಾತು. ಬೇಗ ಕೆಡುವ ಪದಾರ್ಥದ ಮೇಲೆ "ಇಂಥ ದಿನದೊಳಗೆ ಬಳಸಿ" ಅಂತ ಇದ್ದರೆ ಅದು ಸುರಕ್ಷತೆಯ ಮಾತು. ಎರಡನ್ನೂ ಒಂದೇ ಅಂದುಕೊಂಡು ಎಸೆಯುವವರು ಬಹಳ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅಂಗಡಿ, ಹೋಟೆಲ್, ಮನೆಗಳಿಗೆ ತಲುಪಿದ ಆಹಾರದಲ್ಲಿ ಇದು ಹೆಚ್ಚುಕಡಿಮೆ ಐದನೇ ಒಂದು ಪಾಲು. ಅದರಲ್ಲಿ ಶೇಕಡಾ 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲೇ. ಎಸೆದ ಅನ್ನಾಹಾರ ಕಸದ ಗುಡ್ಡದಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುವ ಅನಿಲ.

ಅಜ್ಜಿಯ ಉಪಾಯ ಬಹಳ ಸರಳ. ಫ್ರಿಜ್‌ನಲ್ಲಿ ಕಣ್ಣಿಗೆ ನೇರ ಬೀಳುವ ಶೆಲ್ಫನ್ನು "ಮೊದಲು ಇದನ್ನು ಮುಗಿಸಿ" ಅಂತ ಗೊತ್ತುಮಾಡಿದರು. ಉಳಿದದ್ದು, ಬಾಡಲು ಶುರುವಾದದ್ದು, ತೆರೆದ ಪ್ಯಾಕೆಟ್ ಎಲ್ಲ ಅಲ್ಲಿಗೆ. ಅಲ್ಲಿ ಏನಾದರೂ ಇರುವ ತನಕ ಹೊಸದನ್ನು ಮುಟ್ಟುವ ಹಾಗಿಲ್ಲ. ಅಂಗಡಿಗೆ ಹೊರಡುವ ಮೊದಲು ಆ ಶೆಲ್ಫಿನ ಒಂದು ಫೋಟೋ. ಫ್ರಿಜ್ ಒಳಗೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 8 ಡಿಗ್ರಿ ಇತ್ತು. ಹಾಲು ಬೇಗ ಹುಳಿಯಾಗಲು ಅದೂ ಕಾರಣ. 4ಕ್ಕೆ ಇಳಿಸಿದರು. ಇದರಿಂದ ಕರೆಂಟ್ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಆದರೂ ಸರಿ, ಒಂದು ಲೀಟರ್ ಹಾಲು ಬರುವಷ್ಟರಲ್ಲಿ ಆಗಿರುವ ಖರ್ಚಿನ ಮುಂದೆ ಫ್ರಿಜ್‌ನ ನಾಲ್ಕು ಡಿಗ್ರಿ ದೊಡ್ಡದಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಇಡೀ ಪ್ರಕರಣದಲ್ಲಿ ಪೈಸೆ ಖರ್ಚಿಲ್ಲದೆ ದುಡ್ಡು ಉಳಿಸಿದ ಕೆಲಸ ಈ ಶೆಲ್ಫ್. ಯಾವ ಬಿಲ್‌ನಲ್ಲೂ ಅದರ ಹೆಸರು ಬರುವುದಿಲ್ಲ ಅಷ್ಟೇ.

ಚಿಕ್ಕಪುಟ್ಟವು

ವಾಷಿಂಗ್ ಮೆಷಿನ್ ಅನ್ನು 60 ಡಿಗ್ರಿಯಿಂದ ತಣ್ಣೀರಿಗೆ ತಿರುಗಿಸಿದ್ದರಿಂದ ತಿಂಗಳಿಗೆ ಸುಮಾರು 10 ಯೂನಿಟ್ ಉಳಿಯಿತು. ಕಾಯಿಲೆಯವರ ಬಟ್ಟೆ, ಹಾಸಿಗೆ ಬಟ್ಟೆಗೆ ಮಾತ್ರ ಬಿಸಿನೀರು. ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್‌ಗೆ ಒಂದೇ ಸ್ವಿಚ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿದ್ದರಿಂದ 8. ಸಂಜೆ ಟಿವಿ ಶುರುವಾಗಲು ತಡ ಅಂತ ಅಪ್ಪ ಗೊಣಗುತ್ತಾರೆ, ಆದರೂ ನಡೆದಿದೆ. ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸುವುದು ಅಜ್ಜಿಗೆ ಮೊದಲಿನಿಂದಲೂ ರೂಢಿ.

ಬಟ್ಟೆ ಚೀಲದ ವಿಷಯ ಮಾತ್ರ ಸ್ವಲ್ಪ ಮುಜುಗರದ್ದು. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಾಮಾನ್ಯ ಹತ್ತಿಯ ಚೀಲವೊಂದು ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು, ಹವಾಮಾನದ ಪರಿಣಾಮವೊಂದನ್ನೇ ನೋಡಿದರೂ, ಕನಿಷ್ಠ 52 ಸಲ ಬಳಕೆಯಾಗಬೇಕು. ಚರಂಡಿ, ಸಮುದ್ರ ಸೇರುವ ಪ್ಲಾಸ್ಟಿಕ್ಕಿನ ಹಾನಿಯನ್ನು ಆ ಅಧ್ಯಯನ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅದೂ ನಿಜ. ಆದರೂ ಈ ಮನೆಯ ಬಾಗಿಲ ಹಿಂದೆ ಒಂದು ರಾಶಿ ಬಟ್ಟೆ ಚೀಲ ನೇತಾಡುತ್ತಿತ್ತು, ಅರ್ಧಕ್ಕರ್ಧ ಬಳಸದೇ ಇದ್ದವು. ಇನ್ನು ಕೊಳ್ಳುವುದು ಬೇಡ, ಇದ್ದದ್ದನ್ನೇ ಹರಿಯುವ ತನಕ ಬಳಸೋಣ ಅಂತ ತೀರ್ಮಾನವಾಯಿತು.

ಕಾರಿನದು ಅರ್ಧ ಗೆಲುವು. ಶಾಲೆ ಒಂದೂವರೆ ಕಿಲೋಮೀಟರ್ ದೂರ. ಬಿಟ್ಟು ಬರಲು, ಕರೆತರಲು ಸೇರಿ ದಿನಕ್ಕೆ 6 ಕಿಲೋಮೀಟರ್. ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಓಡಾಟ ಇದು, ಹಾಗಾಗಿ ಮೈಲೇಜ್ 12ರ ಮೇಲೆ ಹೋಗುವುದಿಲ್ಲ. ಶಾಲೆಯಿರುವ 20 ದಿನಕ್ಕೆ 10 ಲೀಟರ್ ಪೆಟ್ರೋಲ್. ಒಂದು ಲೀಟರ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್. ಈಗ ವಾರಕ್ಕೆ ಮೂರು ದಿನ ಮಗಳು ನಡೆದೇ ಹೋಗುತ್ತಾಳೆ. ತಿಂಗಳಿಗೆ 6 ಲೀಟರ್ ಉಳಿಯಿತು. ಉಳಿದೆರಡು ದಿನ ಚೀಲದ ಭಾರ ಜಾಸ್ತಿ, ಮೇಲೆ ಮಳೆಯ ನೆಪ. ಇದಕ್ಕಿಂತ ಮುಂದೆ ಅವರು ಹೋಗಿಲ್ಲ.

ಲೆಕ್ಕ ನೋಡುವಾಗ

ಸ್ನಾನ 73, ಗೀಸರ್ 15, ಬಟ್ಟೆ ಒಗೆತ 10, ಟಿವಿ ಪೆಟ್ಟಿಗೆ 8. ಎಲ್ಲ ಸೇರಿ 106. ಅಂದರೆ 400 ಇದ್ದದ್ದು 290 ಚಿಲ್ಲರೆಗೆ ಬಂತು, ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಬಿಲ್ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ ಅಂತಿಲ್ಲ. ಬಳಸಿದರೂ ಬಿಟ್ಟರೂ ಕಟ್ಟಬೇಕಾದ ನಿಗದಿ ಶುಲ್ಕ ಇದ್ದರೆ ದುಡ್ಡಿನ ಉಳಿತಾಯ ಕಡಿಮೆ ಕಾಣುತ್ತದೆ. ಜಾಸ್ತಿ ಬಳಸಿದಷ್ಟೂ ದರ ಏರುವ ಸ್ಲ್ಯಾಬ್ ಇದ್ದರೆ ಉಳಿತಾಯ ಇನ್ನೂ ಹೆಚ್ಚು, ಯಾಕೆಂದರೆ ಕಡಿತವಾಗುವುದು ಮೇಲಿನ ದುಬಾರಿ ಯೂನಿಟ್‌ಗಳೇ. ಹಿಂದಿನ ತಿಂಗಳಿನ ಜೊತೆ ಹೋಲಿಸುವುದೂ ಸರಿಯಲ್ಲ. ಚಳಿಗಾಲದಲ್ಲಿ ನಲ್ಲಿ ನೀರೇ ಹೆಚ್ಚು ತಣ್ಣಗಿರುತ್ತದೆ, ಅಷ್ಟೇ ಸ್ನಾನಕ್ಕೂ ಯೂನಿಟ್ ಏರುತ್ತದೆ. ಹೋದ ವರ್ಷದ ಇದೇ ತಿಂಗಳಿನ ಬಿಲ್ ಪಕ್ಕದಲ್ಲಿಟ್ಟು ನೋಡಬೇಕು.

ಪರಿಸರದ ಲೆಕ್ಕ ಇನ್ನೊಂದು ತರಹ. ಕಲ್ಲಿದ್ದಲು ಸುಟ್ಟು ಬರುವ ಕರೆಂಟಾದರೆ ಯೂನಿಟ್ ಒಂದಕ್ಕೆ ಸುಮಾರು 1 ಕೆಜಿ ಇಂಗಾಲದ ಡೈಆಕ್ಸೈಡ್. ನೀರು, ಗಾಳಿ, ಬಿಸಿಲಿನಿಂದ ಬರುವುದಾದರೆ ಅದರ ಒಂದು ಚೂರು. ಅದೇ ಶವರ್ ತಲೆ, ಅದೇ 60 ಯೂನಿಟ್, ಒಂದು ಊರಿನಲ್ಲಿ ದೊಡ್ಡ ಕೆಲಸ ಮಾಡಿದ ಹಾಗೆ, ಇನ್ನೊಂದು ಊರಿನಲ್ಲಿ ಹೆಚ್ಚುಕಡಿಮೆ ಜೇಬಿಗೆ ಮಾತ್ರ.

ಉಳಿದ ದುಡ್ಡು ಎಲ್ಲಿಗೆ ಹೋಯಿತು

ಕೆಲವು ತಿಂಗಳ ಉಳಿತಾಯ ಕೈಯಲ್ಲಿ ಕಂಡಾಗ ಅಪ್ಪನಿಗೆ ಹೊಸ ಫ್ರಿಜ್ ಬೇಕೆನಿಸಿತು. ಹಳೆಯದು ವರ್ಷಕ್ಕೆ 525 ಯೂನಿಟ್ ತಿನ್ನುತ್ತದೆ, ಅಷ್ಟೇ ಗಾತ್ರದ ಹೊಸದು 250ರಲ್ಲಿ ಮುಗಿಸುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು, ತಂದರು. ಆಮೇಲೆ ಮನೆಯಲ್ಲಿ ಬಂದ ಮಾತು: "ಹಳೇದು ಇನ್ನೂ ಚೆನ್ನಾಗೇ ಇದೆಯಲ್ಲ, ಹೊರಗಿಟ್ಟು ನೀರು, ಜ್ಯೂಸ್ ಇಡೋಣ." ಎರಡೂ ಓಡಿದರೆ ವರ್ಷಕ್ಕೆ 775. ಉಳಿಸಲು ತಂದ ಫ್ರಿಜ್‌ನಿಂದ ಮೊದಲಿಗಿಂತ 250 ಯೂನಿಟ್ ಜಾಸ್ತಿ!

ಇದು ಹಳೇ ರೋಗ. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಓಡುವಂತೆ ಸುಧಾರಿಸಿದಷ್ಟೂ ಒಟ್ಟು ಕಲ್ಲಿದ್ದಲಿನ ಬಳಕೆ ಏರುತ್ತದೆ ಅಂತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವೊನ್ಸ್ 1865ರಲ್ಲೇ ಬರೆದಿದ್ದ. ಅಗ್ಗವಾದದ್ದನ್ನು ಜನ ಜಾಸ್ತಿ ಬಳಸುತ್ತಾರೆ ಅಲ್ವಾ.

ಫ್ರಿಜ್ ಬದಲಿಸುವ ತರ್ಕವನ್ನು ಫೋನಿಗೆ, ಲ್ಯಾಪ್‌ಟಾಪಿಗೆ ಹಚ್ಚಲು ಹೋಗಬಾರದು. ಪರಿಸರದ ಮೇಲೆ ಬೀಳುವ ಫ್ರಿಜ್‌ನ ಹೊರೆಯಲ್ಲಿ ದೊಡ್ಡ ಪಾಲು ಅದು ಓಡುವ ವರ್ಷಗಳದ್ದು. ಫೋನಿನ ಹೊರೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಮಗಳು ಹೊಸ ಫೋನ್ ಕೇಳಿದ್ದಳು, ಬ್ಯಾಟರಿ ಬದಲಿಸಿ ಕೊಟ್ಟರು. ಅವಳಿಗೆ ಇಷ್ಟವಾಗಲಿಲ್ಲ.

ಹಳೇ ಫ್ರಿಜ್ ವಿಷಯದಲ್ಲಿ ಕೊನೆಗೆ ತಾಯಿಯ ಮಾತೇ ನಡೆಯಿತು. ಪ್ಲಗ್ ಕಿತ್ತು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವುದು ಅಂತ ಆಯಿತು. ಮೊದಲು ಬಂದವನು ಹೆಚ್ಚು ದುಡ್ಡು ಹೇಳಿದ. ಒಳಗಿನ ಅನಿಲ ಏನು ಮಾಡುತ್ತೀಯಪ್ಪ ಅಂದರೆ, ಪೈಪ್ ಕತ್ತರಿಸಿ ಬಿಡುವುದು ಅಂದ. ಆ ಕಾಲದ ಎಷ್ಟೋ ಫ್ರಿಜ್‌ಗಳಲ್ಲಿರುವುದು ಆರ್-134ಎ ಎಂಬ ಅನಿಲ, ತೂಕಕ್ಕೆ ತೂಕ ಇಟ್ಟರೆ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಶಾಖ ಹಿಡಿಯುತ್ತದೆ. ಹೊಸದರಲ್ಲಿ ಸಾಮಾನ್ಯವಾಗಿ ಇರುವ ಆರ್-600ಎಗೆ ಆ ದೋಷ ಇಲ್ಲವೆನ್ನುವಷ್ಟು ಕಡಿಮೆ. ಅನಿಲವನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಇರುವವರು ಅರ್ಧ ದುಡ್ಡಷ್ಟೇ ಕೊಟ್ಟರು. ಫ್ರಿಜ್ ಅವರಿಗೇ ಹೋಯಿತು.